‘ಎನ್‌ರ್ಯೊ’ ಎಂದರೆ ಸಂಕೋಚವೋ, ದಾಕ್ಷಿಣ್ಯವೋ? ನನ್ನ ವಾಕ್ಯಗಳು ತಪ್ಪಾದದ್ದೆಲ್ಲಿ?

ಜುಲೈ ಪರೀಕ್ಷಾರ್ಥಿ
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಎರಡು ವರ್ಷಗಳಿಂದ ಸಂಜೆಯ ತರಗತಿಯಲ್ಲಿ ಜಪಾನಿ ಭಾಷೆ ಕಲಿಯುತ್ತಿದ್ದೇನೆ. ಬರುವ ಜುಲೈ ತಿಂಗಳ ಮೊದಲ ಭಾನುವಾರ ಜಪಾನಿ ಭಾಷಾ ಸಾಮರ್ಥ್ಯದ ಜೆಎಲ್‌ಪಿಟಿ ಪರೀಕ್ಷೆಯ ಎನ್‌3 ಹಂತಕ್ಕೆ ಕೂರುವವಳಿದ್ದೇನೆ. ಕಳೆದ ವಾರ ನಮ್ಮ ಸೆನ್ಸೇ (ಗುರುಗಳು) ‘ಎನ್‌ರ್ಯೊ’ ಎಂಬ ಪದವನ್ನು ಹಲಗೆಯ ಮೇಲೆ ಬರೆದು, ಅದನ್ನು ಬಳಸಿ ಮೂರು ವಾಕ್ಯ ಬರೆದು ತರಲು ಹೇಳಿದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದಕ್ಕೆ ‘ಸಂಕೋಚ, ದಾಕ್ಷಿಣ್ಯ’ ಎಂದು ಅರ್ಥ ಬರೆದುಕೊಂಡಿದ್ದೆ. ಆ ಧೈರ್ಯದ ಮೇಲೆ ಹೀಗೆ ಬರೆದೆ.

ಮೊದಲನೆಯದು: ‘ಹಿತೊ ನೊ ಮಎ ದೆ ಉತಉ ನೊ ಒ ಎನ್‌ರ್ಯೊ ಶಿಮಸು.’ ಜನರ ಮುಂದೆ ಹಾಡಲು ನನಗೆ ಸಂಕೋಚ ಎಂಬುದು ನನ್ನ ಉದ್ದೇಶ.

ಎರಡನೆಯದು: ‘ತೊಮೊದಚಿ ಒ ಎನ್‌ರ್ಯೊ ಶಿತೆ, ಒಕನೆ ಒ ಕಶಿಮಶಿತ.’ ಗೆಳತಿಯ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಸಾಲ ಕೊಟ್ಟೆ ಎಂದು ಹೇಳಹೊರಟಿದ್ದೆ.

ಮೂರನೆಯದು: ‘ಎನ್‌ರ್ಯೊ ಶಿನಯ್‌ದೆ ತಬೆತೆ ಕುದಸಯ್.’ ಸಂಕೋಚಪಡದೆ ಊಟ ಮಾಡಿ. ಇದನ್ನು ಪಠ್ಯಪುಸ್ತಕದಿಂದ ಎತ್ತಿದ್ದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಪುಸ್ತಕ ವಾಪಸು ಬಂದಾಗ ಮೊದಲೆರಡು ವಾಕ್ಯಗಳ ಪಕ್ಕದಲ್ಲಿ ಕೆಂಪು ಶಾಯಿಯ ರೈಟು ಗುರುತು ಇತ್ತು, ಮೂರನೆಯದಕ್ಕೆ ಸೊನ್ನೆ ಸುತ್ತಿದ್ದರು. ನಾನು ಸ್ವಂತವಾಗಿ ಬರೆದದ್ದು ಸರಿಯಾಗಿದೆ, ಕದ್ದು ಬರೆದದ್ದಕ್ಕೆ ಸೊನ್ನೆ ಬಿದ್ದಿದೆ, ತಕ್ಕ ಶಾಸ್ತಿಯೇ ಆಯಿತು ಎಂದು ಮೆಟ್ರೋದಲ್ಲಿ ಕುಳಿತು ನಗುತ್ತಾ ಮನೆಗೆ ಬಂದೆ. ಮುಂದಿನ ತರಗತಿಯಲ್ಲಿ ತಿಳಿದ ಸಂಗತಿಯೇನೆಂದರೆ, ಜಪಾನಿನ ಶಿಕ್ಷಕರು ಸರಿಯುತ್ತರಕ್ಕೆ ಸೊನ್ನೆ ಸುತ್ತುತ್ತಾರೆ, ತಪ್ಪಿಗೆ ರೈಟು ಗುರುತು ಹಾಕುತ್ತಾರೆ!

ಮೊದಲ ವಾಕ್ಯವನ್ನು ಓದಿದ ಸೆನ್ಸೇ ‘ಏಕೆ, ಪಕ್ಕದ ಕೋಣೆಯಲ್ಲಿ ಯಾರಾದರೂ ಮಲಗಿದ್ದಾರೆಯೆ?’ ಎಂದು ಕೇಳಿದರು. ತರಗತಿಯೆಲ್ಲ ನಕ್ಕಿತು. ಅದರಲ್ಲಿ ನಗುವಂಥದ್ದೇನಿತ್ತು ಎಂಬುದು ನನಗಿನ್ನೂ ಅರ್ಥವಾಗಿಲ್ಲ. ಬಲ್ಲವರು ದಯವಿಟ್ಟು ಬಿಡಿಸಿ ಹೇಳುವಿರಾ?

ಒಂದೇ ಸಾಲು
ರೈಟು ಗುರುತಿನ ಆಘಾತವನ್ನು ಅನುಭವಿಸದೆ ಜಪಾನಿ ಕಲಿತ ಭಾರತೀಯರು ಯಾರೂ ಇಲ್ಲ, ಸಮಾಧಾನ ಮಾಡಿಕೊಳ್ಳಿ.

ಬಿಡದಿ ಬಸ್ಸು
ನಾನು ಹದಿನಾಲ್ಕು ವರ್ಷಗಳಿಂದ ಕಾರ್ಖಾನೆಗಳಲ್ಲಿ ದುಭಾಷಿಯಾಗಿ ಕೆಲಸ ಮಾಡುತ್ತಿರುವವನು. ಮೊದಲ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ನೀವು ಹೇಳಹೊರಟಿದ್ದನ್ನು ಮಾತ್ರ ಅದು ಹೇಳುತ್ತಿಲ್ಲ. ‘ಎನ್‌ರ್ಯೊ ಸುರು’ ಎಂಬುದು ಮನಸ್ಸಿನಲ್ಲಿ ಉಂಟಾಗುವ ಭಾವನೆಯ ಹೆಸರಲ್ಲ. ಎದುರಿನವರನ್ನು ಲೆಕ್ಕಕ್ಕೆ ತೆಗೆದುಕೊಂಡು ನಾವು ಮಾಡಬಹುದಾಗಿದ್ದ ಒಂದು ಕೆಲಸವನ್ನು ಮಾಡದೆ ಬಿಡುವುದೇ ಎನ್‌ರ್ಯೊ. ಆದ್ದರಿಂದ ನಿಮ್ಮ ವಾಕ್ಯವು ‘ಇತರರಿಗೆ ತೊಂದರೆಯಾದೀತೆಂದು ನಾನು ಜನರ ಮುಂದೆ ಹಾಡದೆ ಇರುತ್ತೇನೆ’ ಎಂದು ಕೇಳಿಸುತ್ತದೆ. ಸೆನ್ಸೇ ಅವರ ಪ್ರಶ್ನೆ ತೀರ ನ್ಯಾಯವಾದದ್ದು. ನೀವು ಹಾಡಬಾರದಿದ್ದರೆ ಯಾರೋ ಮಲಗಿರಬೇಕು, ಇಲ್ಲವೇ ನಿಮ್ಮ ಕಂಠದ ಬಗ್ಗೆ ನಿಮಗೇ ಅನುಮಾನವಿರಬೇಕು.

ನೀವು ಹೇಳಬೇಕೆಂದಿದ್ದ ನಾಚಿಕೆಗೆ ‘ಹಜುಕಶೀ’ ಎಂಬ ಬೇರೆಯೇ ಪದವಿದೆ. ‘ಹಿತೊ ನೊ ಮಎ ದೆ ಉತಉ ನೊ ವ ಹಜುಕಶೀ ದೆಸು’ ಎಂದು ಬರೆದಿದ್ದರೆ ಸೊನ್ನೆ ಸಿಗುತ್ತಿತ್ತು.

ಕಾರ್ಡುಗಳ ರಾಶಿ
ತೊಂದರೆಯ ಮೂಲ ಟಿಪ್ಪಣಿ ಪುಸ್ತಕದಲ್ಲಿಯೇ ಇದೆ. ಒಂದು ಪದ, ಅದರ ಎದುರಿಗೆ ಒಂದು ಅರ್ಥ ಎಂದು ಬರೆದುಕೊಳ್ಳುವ ಕ್ರಮವನ್ನು ಬಿಟ್ಟುಬಿಡಿ. ನಾನೂ ಹಾಗೆಯೇ ‘ಅಂಕಿ’ ಎಂಬ ಹೆಸರಿನ, ಕಾರ್ಡು ತಿರುವಿ ಪದ ಕಲಿಯುವ ತಂತ್ರಾಂಶದಲ್ಲಿ ನಾಲ್ಕು ಸಾವಿರ ಕಾರ್ಡು ಮಾಡಿ, ಎರಡು ವರ್ಷ ಪ್ರತಿದಿನ ಬೆಳಿಗ್ಗೆ ತಿರುವಿ ಹಾಕಿ, ಕೊನೆಗೆ ಒಬ್ಬ ಜಪಾನಿ ಅತಿಥಿಯ ಎದುರು ಬಾಯಿ ಕಟ್ಟಿ ನಿಂತವನು. ಈಗ ಕಾರ್ಡಿನ ಮುಂಭಾಗದಲ್ಲಿ ಪೂರ್ಣ ವಾಕ್ಯವಿರುತ್ತದೆ, ಅದನ್ನು ಯಾರು ಯಾರಿಗೆ ಹೇಳಿದರು ಎಂಬುದೂ ಇರುತ್ತದೆ.

ಹಳೇ ನಿಘಂಟು
ಕಾರ್ಡುಗಳ ರಾಶಿಯವರೇ, ವಾಕ್ಯ ಬೇಕು ಎಂಬುದನ್ನು ಒಪ್ಪುತ್ತೇನೆ, ಆದರೆ ಪದದ ಅರ್ಥವನ್ನು ಅಷ್ಟು ಹಗುರವಾಗಿ ತಳ್ಳಿಹಾಕಬೇಡಿ. ಈ ಪದವನ್ನು ಎರಡು ಕಾಂಜಿಗಳಲ್ಲಿ, ಅಂದರೆ ಚೀನಾ ಮೂಲದ ಲಿಪಿಚಿಹ್ನೆಗಳಲ್ಲಿ, ಬರೆಯುತ್ತಾರೆ. ಹದಿಮೂರು ಗೆರೆಗಳ ಮೊದಲನೆಯದಕ್ಕೆ ‘ದೂರ’ ಎಂದರ್ಥ, ಹದಿನೈದು ಗೆರೆಗಳ ಎರಡನೆಯದಕ್ಕೆ ‘ಆಲೋಚನೆ’ ಎಂದರ್ಥ. ಎರಡನ್ನೂ ಸೇರಿಸಿದರೆ ನಮ್ಮ ‘ದೂರಾಲೋಚನೆ’ಯೇ ಆಗುತ್ತದೆ! ಚೀನಾದಿಂದ ಬಂದಾಗ ಅದರ ಅರ್ಥವೂ ಅದೇ ಆಗಿತ್ತು. ಕನ್‌ಫ್ಯೂಶಿಯಸ್‌ನ ಸೂಕ್ತಿಸಂಗ್ರಹದ ಹದಿನೈದನೆಯ ಅಧ್ಯಾಯದಲ್ಲಿ, ದೂರದ ಆಲೋಚನೆ ಇಲ್ಲದವನಿಗೆ ಹತ್ತಿರದಲ್ಲಿಯೇ ಚಿಂತೆ ಕಾದಿರುತ್ತದೆ ಎಂಬ ಅರ್ಥದ ಮಾತೊಂದಿದೆ. ಅಲ್ಲಿರುವುದು ಇದೇ ಪದ. ಇಂದಿಗೂ ‘ಶಿನ್‌ಬೋ ಎನ್‌ರ್ಯೊ’ ಎಂಬ ನಾಲ್ಕು ಕಾಂಜಿಗಳ ನುಡಿಗಟ್ಟಿನಲ್ಲಿ ಆ ಹಳೆಯ ಅರ್ಥ ಉಳಿದುಕೊಂಡಿದೆ.

ದೂರದವರೆಗೆ ಯೋಚಿಸುವವನು ಕೈ ಚಾಚುವ ಮುನ್ನ ತಡೆಯುತ್ತಾನೆ. ಆ ತಡೆಯೇ ಬರಬರುತ್ತಾ ಪದದ ಮುಖ್ಯಾರ್ಥವಾಗಿ ನಿಂತಿತು. ಎದೊ ಕಾಲದಲ್ಲಿ (1603–1868) ‘ಎನ್‌ರ್ಯೊ’ ಎಂಬುದು ಸಮುರಾಯ್‌ಗಳಿಗೂ ಬೌದ್ಧ ಭಿಕ್ಷುಗಳಿಗೂ ವಿಧಿಸುತ್ತಿದ್ದ ಒಂದು ಲಘು ಶಿಕ್ಷೆಯ ಹೆಸರೂ ಆಗಿತ್ತು. ಶಿಕ್ಷೆಗೊಳಗಾದವನು ಹೆಬ್ಬಾಗಿಲು ಮುಚ್ಚಿಕೊಂಡು ಮನೆಯೊಳಗೇ ಇರಬೇಕು, ಆದರೆ ರಾತ್ರಿ ಸದ್ದಿಲ್ಲದೆ ಹೊರಗೆ ಹೋಗಿಬಂದರೆ ಕಂಡೂ ಕಾಣದಂತೆ ಬಿಡುತ್ತಿದ್ದರು.

ತಕರಾರು ತಮ್ಮಯ್ಯ
ಹಗಲು ಬಾಗಿಲು ಮುಚ್ಚಿ ರಾತ್ರಿ ತಿರುಗಾಡುವ ಶಿಕ್ಷೆಯನ್ನು ನಮ್ಮ ಹಾಸ್ಟೆಲಿನಲ್ಲಿ ನಾವು ವಿಧಿಸಿಕೊಳ್ಳದೆಯೇ ಅನುಭವಿಸಿದ್ದೇವೆ. ಅದಿರಲಿ, ಪದದ ಹುಟ್ಟು ಗೊತ್ತಾದ ಮಾತ್ರಕ್ಕೆ ಬಳಕೆ ಬಂದುಬಿಡುತ್ತದೆಯೆ? ‘ದೂರಾಲೋಚನೆ’ ಎಂದು ಕಲಿತ ವಿದ್ಯಾರ್ಥಿನಿ ನಾಳೆ ‘ನಮ್ಮ ತಂದೆ ಎನ್‌ರ್ಯೊ ಮಾಡಿ ನಿವೇಶನ ಕೊಂಡರು’ ಎಂದು ಬರೆದು ಇನ್ನೊಂದು ರೈಟು ಗುರುತು ಹಾಕಿಸಿಕೊಳ್ಳುತ್ತಾರೆ. ಮೊದಲಿನ ಪ್ರಶ್ನೆ ಹಾಗೆಯೇ ಉಳಿದಿದೆ. ಕನ್ನಡದಲ್ಲಿ ಇದು ಸಂಕೋಚವೋ, ದಾಕ್ಷಿಣ್ಯವೋ?

ಹಳೇ ನಿಘಂಟು
ಬಳಕೆ ಬರುತ್ತದೆ ಎಂದು ನಾನು ಹೇಳಿಲ್ಲ, ನೆನಪಿನಲ್ಲಿ ನಿಲ್ಲುತ್ತದೆ ಎಂದೆ. ಅದನ್ನೂ ಹೇಳಿರಲಿಲ್ಲವಾದರೆ ಈಗ ಹೇಳುತ್ತಿದ್ದೇನೆ.

ಪೇಢಾ ಪ್ರಿಯ, ಧಾರವಾಡ
ನಮ್ಮ ಕಡೆ ಇದಕ್ಕೆ ಸರಿಯಾದ ಪದವಿದೆ: ಭಿಡೆ. ಮನೆಗೆ ಬಂದವರಿಗೆ ‘ಭಿಡೆ ಮಾಡಬ್ಯಾಡ್ರಿ, ಇನ್ನೊಂದು ರೊಟ್ಟಿ ಹಚ್ಕೋರಿ’ ಎಂದು ಹೇಳುವುದೂ ‘ಎನ್‌ರ್ಯೊ ಶಿನಯ್‌ದೆ’ ಎಂದು ಹೇಳುವುದೂ ಒಂದೇ. ಸಂಕೋಚ ಒಳಗಿನದು. ಭಿಡೆಯನ್ನು ನಾವು ‘ಮಾಡುತ್ತೇವೆ’, ಜಪಾನಿನವರೂ ಎನ್‌ರ್ಯೊ ‘ಮಾಡುತ್ತಾರೆ’. ಭಾವನೆಯಲ್ಲ, ಕ್ರಿಯೆ ಎಂದು ದುಭಾಷಿಗಳು ಮೇಲೆ ಹೇಳಿದ್ದು ಭಿಡೆಗೆ ಚೆನ್ನಾಗಿ ಹೊಂದುತ್ತದೆ.

ಮಲೆನಾಡ ಮಳೆ
ಭಿಡೆ ಎಂಬ ಪದ ನಮಗೆ ಪರಿಚಯವಿಲ್ಲದಿದ್ದರೂ ಆ ಕ್ರಿಯೆ ಚೆನ್ನಾಗಿ ಪರಿಚಯವಿದೆ. ಊಟದ ಪಂಕ್ತಿಯಲ್ಲಿ ಬಡಿಸುವವರು ಎರಡನೆಯ ಸಲ ಪಾಯಸದ ಸೌಟು ಎತ್ತಿದಾಗ ಎಲೆಯ ಮೇಲೆ ಅಡ್ಡ ಹಿಡಿಯುವ ಕೈ ಇದೆಯಲ್ಲ, ಬೆರಳುಗಳ ನಡುವೆ ಸಾಕಷ್ಟು ಸಂದು ಬಿಟ್ಟು ಹಿಡಿದ ಕೈ, ಅದೇ ಎನ್‌ರ್ಯೊ. ಬಡಿಸುವವರಿಗೂ ಅದು ಗೊತ್ತಿರುತ್ತದೆ. ನಿಜವಾಗಿ ಬೇಡದವರು ಕೈಯನ್ನು ಅಡ್ಡ ಹಿಡಿಯುವುದಿಲ್ಲ, ಎಲೆಯನ್ನೇ ಮಡಿಸಿಬಿಡುತ್ತಾರೆ.

ಬಿಡದಿ ಬಸ್ಸು
ಮಲೆನಾಡ ಮಳೆಯವರ ಉದಾಹರಣೆಯನ್ನು ನನ್ನ ತರಬೇತಿಗಳಲ್ಲಿ ಬಳಸಿಕೊಳ್ಳಲು ಅನುಮತಿ ಕೋರುತ್ತೇನೆ.

ತಮ್ಮಯ್ಯನವರ ಪ್ರಶ್ನೆಗೆ ಬರುತ್ತೇನೆ. ದಾಕ್ಷಿಣ್ಯ ಮತ್ತು ಎನ್‌ರ್ಯೊ ಒಂದೇ ಮನೆಯವಾದರೂ ಎದುರುಬದುರು ದಿಕ್ಕಿಗೆ ನಡೆಯುತ್ತವೆ ಎಂಬುದು ನನ್ನ ಅನುಭವ. ದಾಕ್ಷಿಣ್ಯಕ್ಕೆ ಸಿಕ್ಕವನು ‘ಇಲ್ಲ’ ಎನ್ನಲಾರದೆ, ತನಗೆ ಇಷ್ಟವಿಲ್ಲದ್ದನ್ನು ಮಾಡುತ್ತಾನೆ. ದಾಕ್ಷಿಣ್ಯಕ್ಕೆ ಬಸಿರಾದ ಗಾದೆ ಹುಟ್ಟಿದ್ದು ಅದಕ್ಕಾಗಿಯೇ. ಎನ್‌ರ್ಯೊ ಮಾಡುವವನು ‘ಹೂಂ’ ಎನ್ನಲಾರದೆ, ತನಗೆ ಇಷ್ಟವಿದ್ದದ್ದನ್ನೂ ಬಿಡುತ್ತಾನೆ. ನಿಮ್ಮ ಎರಡನೆಯ ವಾಕ್ಯ ಕೆಟ್ಟಿದ್ದು ಇಲ್ಲಿಯೇ. ಗೆಳತಿ ಕೇಳಿದಳು, ಇಲ್ಲ ಎನ್ನಲಾಗಲಿಲ್ಲ, ಹಣ ಕೊಟ್ಟಿರಿ. ಇದು ಅಪ್ಪಟ ದಾಕ್ಷಿಣ್ಯ, ಇದರಲ್ಲಿ ಎನ್‌ರ್ಯೊ ಎಳ್ಳಷ್ಟೂ ಇಲ್ಲ. ಜಪಾನಿಯಲ್ಲಿ ‘ಕೊತೊವರೆನಕುತೆ, ಒಕನೆ ಒ ಕಶಿಮಶಿತ’, ಅಂದರೆ ನಿರಾಕರಿಸಲಾಗದೆ ಸಾಲ ಕೊಟ್ಟೆ, ಎಂದರೆ ಸರಿಹೋಗುತ್ತದೆ. ಕೊಟ್ಟ ಹಣವನ್ನು ಆರು ತಿಂಗಳಾದರೂ ವಾಪಸು ಕೇಳದೆ ಸುಮ್ಮನಿದ್ದೀರಲ್ಲ, ಆಗ ನೀವು ಮಾಡುತ್ತಿರುವುದು ಎನ್‌ರ್ಯೊ.

ಜುಲೈ ಪರೀಕ್ಷಾರ್ಥಿ
ಆರು ತಿಂಗಳೆಂದು ನಿಮಗೆ ಹೇಗೆ ತಿಳಿಯಿತು? ಲೆಕ್ಕ ಹಾಕಿದರೆ ಏಳಾಗಿದೆ.

ತಕರಾರು ತಮ್ಮಯ್ಯ
ಬಿಡದಿಯವರ ಎರಡು ದಿಕ್ಕಿನ ವಿವರಣೆ ಕೇಳಲು ಸೊಗಸಾಗಿದೆ, ಆದರೆ ಪೂರ್ತಿ ಒಪ್ಪಲಾರೆ. ‘ದಾಕ್ಷಿಣ್ಯ ಮಾಡಿಕೊಳ್ಳಬೇಡಿ, ನಿಧಾನವಾಗಿ ಊಟ ಮಾಡಿ’ ಎಂದು ಹಳೇ ಮೈಸೂರಿನ ಎಲ್ಲ ಮನೆಗಳಲ್ಲಿಯೂ ಹೇಳುತ್ತಾರೆ. ಅಲ್ಲಿ ದಾಕ್ಷಿಣ್ಯ ಎಂದರೆ ಬೇಕಾದದ್ದನ್ನು ಬೇಡವೆನ್ನುವುದೇ ಅಲ್ಲವೆ? ಅದು ಎನ್‌ರ್ಯೊ ಆಗದಿದ್ದರೆ ಮತ್ತೇನು?

ಬಿಡದಿ ಬಸ್ಸು
ಒಪ್ಪಿದೆ. ಊಟದೆಲೆಯ ಮುಂದೆ ಎರಡೂ ಒಂದಾಗುತ್ತವೆ, ಎದ್ದು ಕೈ ತೊಳೆದ ಮೇಲೆ ಬೇರೆಯಾಗುತ್ತವೆ.

ಒಂದೇ ಸಾಲು
‘ಗೊ-ಎನ್‌ರ್ಯೊ ನಕು’ (‘ಗೊ’ ಗೌರವಸೂಚಕ, ‘ನಕು’ ಎಂದರೆ ಇಲ್ಲದೆ) ಎಂಬುದಕ್ಕೆ ‘ನಿಸ್ಸಂಕೋಚವಾಗಿ’ ಎಂಬ ಕನ್ನಡ ಪದ ಅಕ್ಷರಕ್ಕೆ ಅಕ್ಷರ ಹೊಂದುತ್ತದೆ, ಆದ್ದರಿಂದ ಸಂಕೋಚ ಪಕ್ಷಕ್ಕೆ ನನ್ನ ಮತ.

ಹಳೇ ನಿಘಂಟು
ಒಂದೇ ಸಾಲಿನವರು ಅಪರೂಪಕ್ಕೆ ತೂಕದ ಮಾತು ಹೇಳಿದ್ದಾರೆ. ‘ಇಲ್ಲದೆ’ ಎಂಬುದು ಸೇರಿದಾಗ ಕನ್ನಡದ ಪದಗಳು ಬೇರೆ ಬೇರೆ ದಾರಿ ಹಿಡಿಯುವುದನ್ನು ಗಮನಿಸಿ. ‘ನಿಸ್ಸಂಕೋಚವಾಗಿ ಕೇಳಿ’ ಎಂಬುದು ಆಹ್ವಾನ, ‘ನಿರ್ದಾಕ್ಷಿಣ್ಯವಾಗಿ ಕಿತ್ತುಹಾಕಿದರು’ ಎಂಬುದು ಕಠೋರತೆ, ‘ಮುಲಾಜಿಲ್ಲದೆ ಹೇಳಿದ’ ಎಂಬುದು ನೇರನುಡಿ. ಜಪಾನಿಯಲ್ಲಿ ‘ಎನ್‌ರ್ಯೊ ನಕು’ ಒಂದೇ ಪದ ಮೊದಲನೆಯ ಮತ್ತು ಮೂರನೆಯ ಕೆಲಸಗಳನ್ನು ಮಾಡುತ್ತದೆ. ಅತಿಥಿಗೆ ‘ಗೊ-ಎನ್‌ರ್ಯೊ ನಕು ದೋಜೊ’ ಎಂದರೆ ಉಪಚಾರ. ಒಬ್ಬರ ಬಗ್ಗೆ ‘ಕರೆ ವ ಎನ್‌ರ್ಯೊ ನಕು ಮೊನೊ ಒ ಯೂ’ ಎಂದರೆ ಆತ ಮುಲಾಜಿಲ್ಲದೆ ಮಾತನಾಡುವವನು ಎಂದರ್ಥ. ಅದನ್ನೇ ‘ಬುಎನ್‌ರ್ಯೊ’ ಎಂದರೆ ಬೈಗುಳವೇ ಆಗುತ್ತದೆ. ಸ್ವಭಾವತಃ ಹಿಂದೆ ಸರಿದು ನಿಲ್ಲುವವರನ್ನು ‘ಎನ್‌ರ್ಯೊಬುಕಯ್’ ಎನ್ನುತ್ತಾರೆ. ‘ಬುಕಯ್’ ಎಂದರೆ ಆಳ.

ಹಮಮತ್ಸು ಕನ್ನಡಿಗ
ಶಿಝುಓಕ ಪ್ರಾಂತ್ಯದಲ್ಲಿ ಒಂಬತ್ತು ವರ್ಷಗಳಿಂದ ಇರುವ ನಾನು ಈ ಪದದಿಂದ ಪಟ್ಟ ಅವಮಾನವನ್ನು ಇಲ್ಲಿ ಹೇಳದಿದ್ದರೆ ಚರ್ಚೆ ಪೂರ್ಣವಾಗುವುದಿಲ್ಲ.

ಬಂದ ಎರಡನೆಯ ವರ್ಷದ ಯುಗಾದಿಗೆ ಪಕ್ಕದ ಮನೆಯ ಹಿರಿಯ ದಂಪತಿಗಳನ್ನೂ ನನ್ನ ಮೂವರು ಸಹೋದ್ಯೋಗಿಗಳನ್ನೂ ಊಟಕ್ಕೆ ಕರೆದಿದ್ದೆವು. ನನ್ನ ಹೆಂಡತಿ ಬೆಳಿಗ್ಗೆ ಐದಕ್ಕೆ ಎದ್ದು ಹನ್ನೊಂದು ಹೋಳಿಗೆ ತಟ್ಟಿದ್ದಳು. ಕಡಲೆಬೇಳೆಯನ್ನು ಊರಿನಿಂದ ತಂದಿದ್ದು ಅಷ್ಟಕ್ಕೇ ಸಾಲುತ್ತಿತ್ತು. ಎಲ್ಲರೂ ಕುಳಿತ ಮೇಲೆ, ಮನೆಯ ಯಜಮಾನನಾಗಿ ಉಪಚಾರದ ಮಾತು ಆಡಬೇಕೆಂದು ಎರಡು ದಿನಗಳಿಂದ ಉರುಹೊಡೆದಿದ್ದ ವಾಕ್ಯವನ್ನು ಗಟ್ಟಿಯಾಗಿ ಹೇಳಿದೆ: ‘ದೋಜೊ, ಎನ್‌ರ್ಯೊ ಶಿತೆ ಕುದಸಯ್!’

ತಟ್ಟೆಯ ಕಡೆ ಚಾಚಿದ್ದ ಕೈಗಳೆಲ್ಲ ಹಿಂದಕ್ಕೆ ಹೋದವು. ಪಕ್ಕದ ಮನೆಯ ಅಜ್ಜಿ ಚಾಪ್‌ಸ್ಟಿಕ್‌ಗಳನ್ನು ಅವುಗಳ ಚಿಕ್ಕ ದಿಂಡಿನ ಮೇಲೆ ಮೆಲ್ಲನೆ ಇಟ್ಟು, ಎರಡೂ ಕೈಗಳನ್ನು ಮಡಿಲಲ್ಲಿ ಇರಿಸಿಕೊಂಡರು. ‘ಶಿನಯ್‌ದೆ’ ಎನ್ನುವ ಬದಲು ‘ಶಿತೆ’ ಎಂದಿದ್ದೆ. ‘ಬನ್ನಿ, ದಯವಿಟ್ಟು ತಿನ್ನದೆ ಸಹಕರಿಸಿ’ ಎಂದು ಮನೆಗೆ ಕರೆದು ಹೇಳಿದಂತಾಗಿತ್ತು. ಯಾರೂ ನಗಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಅರ್ಧ ನಿಮಿಷದ ಮೇಲೆ ನನ್ನ ಸಹೋದ್ಯೋಗಿಯೊಬ್ಬನು ‘ನಯ್‌ದೆ, ನಯ್‌ದೆ’ ಎಂದು ಪಿಸುಗುಟ್ಟಿದ.

ಆಮೇಲೆ ಎಲ್ಲರೂ ಚೆನ್ನಾಗಿಯೇ ಉಂಡರು. ಕೊನೆಗೆ ತಟ್ಟೆಯಲ್ಲಿ ಒಂದೇ ಒಂದು ಹೋಳಿಗೆ ಉಳಿಯಿತು. ಐದು ಮಂದಿ ಅತಿಥಿಗಳೂ ಅದನ್ನು ನೋಡುತ್ತಿದ್ದರು, ಯಾರೂ ಮುಟ್ಟಲಿಲ್ಲ. ಆಗ ಒಸಾಕ ಕಡೆಯವನಾದ ಅದೇ ಸಹೋದ್ಯೋಗಿ ಅದರ ಕಡೆ ಬೆರಳು ತೋರಿಸಿ ‘ಎನ್‌ರ್ಯೊ ನೊ ಕತಮರಿ’ ಎಂದ. ಎನ್‌ರ್ಯೊದ ಗಟ್ಟಿ, ಎಂದರೆ ಎಲ್ಲರ ಹಿಂಜರಿಕೆಯೂ ಸೇರಿ ಹೆಪ್ಪುಗಟ್ಟಿ ಆದ ಮುದ್ದೆ ಎಂದರ್ಥ. ತಟ್ಟೆಯಲ್ಲಿ ಉಳಿಯುವ ಕೊನೆಯ ತುಂಡಿಗೆ ಒಸಾಕ ಸುತ್ತಲಿನ ಕನ್ಸಾಯ್ ಕಡೆಯವರು ಇಟ್ಟಿರುವ ಹೆಸರು ಅದು. ಆಗ ಮಾತ್ರ ಎಲ್ಲರೂ ನಕ್ಕರು.

ಪೇಢಾ ಪ್ರಿಯ, ಧಾರವಾಡ
ಆ ಹೋಳಿಗೆಯನ್ನು ಕೊನೆಗೆ ಯಾರು ತಿಂದರು ಎಂಬುದನ್ನು ಹೇಳದೆ ಹೋಗಬೇಡಿ.

ಹಮಮತ್ಸು ಕನ್ನಡಿಗ
ಅಜ್ಜಿ. ‘ದೆವ, ಎನ್‌ರ್ಯೊ ನಕು’ ಎಂದು ತಲೆ ಬಾಗಿಸಿ ಎತ್ತಿಕೊಂಡರು. ಈ ಮೂರು ಪದಗಳನ್ನೂ ಬರೆದಿಟ್ಟುಕೊಳ್ಳಿ. ‘ಹಾಗಾದರೆ, ಸಂಕೋಚವಿಲ್ಲದೆ ತೆಗೆದುಕೊಳ್ಳುತ್ತೇನೆ’ ಎಂಬ ಈ ಮಾತನ್ನು ಉಪಚಾರಕ್ಕೆ ಉತ್ತರವಾಗಿ ಹೇಳಿ ‘ಇತದಕಿಮಸು’ (ಸ್ವೀಕರಿಸುತ್ತೇನೆ) ಸೇರಿಸಿದರೆ ಅದಕ್ಕಿಂತ ಚೆಂದದ ಸ್ವೀಕಾರ ಇನ್ನೊಂದಿಲ್ಲ.

ಕಾರ್ಡುಗಳ ರಾಶಿ
ನೋಡಿದಿರಾ? ‘ಎನ್‌ರ್ಯೊ ನೊ ಕತಮರಿ’ ಎಂಬುದನ್ನು ನಾನು ಇನ್ನು ಸಾಯುವವರೆಗೂ ಮರೆಯುವುದಿಲ್ಲ, ಅದಕ್ಕೆ ಕಾರ್ಡೂ ಬೇಡ. ನಾನು ಹೇಳುತ್ತಿದ್ದುದೂ ಇದನ್ನೇ.

ತಕರಾರು ತಮ್ಮಯ್ಯ
ನಾಲ್ಕು ಸಾವಿರ ಪದಗಳಿಗೂ ಒಂದೊಂದು ಯುಗಾದಿ ಊಟ ಹಾಕಿಸುವುದಾದರೆ ನಾನೂ ನಾಳೆಯಿಂದ ಜಪಾನಿ ಕಲಿಯಲು ಸಿದ್ಧನಿದ್ದೇನೆ.

ಮಲೆನಾಡ ಮಳೆ
ನನಗೊಂದು ಗೊಂದಲ. ತೋಕ್ಯೊಗೆ ಹೋಗಿದ್ದಾಗ ರೈಲಿನಲ್ಲಿ ‘ತ್ಸೂವ ವ ಗೊ-ಎನ್‌ರ್ಯೊ ಕುದಸಯ್’ ಎಂದು ಪದೇ ಪದೇ ಕೇಳಿಸುತ್ತಿತ್ತು. ಫೋನಿನಲ್ಲಿ ಮಾತನಾಡಬೇಡಿ ಎಂದರ್ಥವೆಂದು ಜೊತೆಯವರು ಹೇಳಿದರು. ಹಾಗಿದ್ದರೆ ಅದು ಆಜ್ಞೆಯೋ, ವಿನಂತಿಯೋ? ಮಾತನಾಡಿದರೆ ದಂಡವಿದೆಯೆ?

ಹಮಮತ್ಸು ಕನ್ನಡಿಗ
ದಂಡವಿಲ್ಲ, ಆದರೆ ಇಡೀ ಬೋಗಿ ನಿಮ್ಮನ್ನು ನೋಡದಂತೆ ನೋಡುತ್ತದೆ. ಅದಕ್ಕಿಂತ ದಂಡ ಕಟ್ಟುವುದು ಸುಲಭ.

ಬಿಡದಿ ಬಸ್ಸು
ಮಾತಿನ ರೂಪ ವಿನಂತಿಯದು, ಉದ್ದೇಶ ನಿಷೇಧದ್ದು. ‘ಕನ್‌ಕೇಶ ಇಗಯ್ ನೊ ತಚಿಇರಿ ವ ಗೊ-ಎನ್‌ರ್ಯೊ ಕುದಸಯ್’ ಎಂಬ ಫಲಕವನ್ನು ಬಾಗಿಲಿನ ಮೇಲೆ ಕಂಡರೆ, ಸಂಬಂಧಪಟ್ಟವರಲ್ಲದೆ ಬೇರೆಯವರಿಗೆ ಪ್ರವೇಶವಿಲ್ಲ ಎಂದೇ ತಿಳಿಯಬೇಕು. ಅಲ್ಲಿ ಸಂಕೋಚಪಡುತ್ತಾ ಒಳಗೆ ಹೋದರೆ ನಡೆಯುತ್ತದೆ ಎಂದುಕೊಳ್ಳಬಾರದು. ‘ಇಲ್ಲಿ ಉಗುಳಬಾರದು’ ಎಂದು ಬರೆದರೂ ಉಗುಳುವ ನಾಡಿನಿಂದ ಹೋದವರಿಗೆ, ‘ದಯವಿಟ್ಟು ತಾವಾಗಿಯೇ ತಡೆದುಕೊಳ್ಳಿ’ ಎಂಬುದು ನಿಷೇಧವೆಂದು ಹೊಳೆಯಲು ಸ್ವಲ್ಪ ಕಾಲ ಹಿಡಿಯುತ್ತದೆ.

ನನಗೆ ಪರಿಚಯದ ಒಬ್ಬ ಹೊಸ ಇಂಜಿನಿಯರು ‘ಎನ್‌ರ್ಯೊ’ ಎಂದರೆ ಸಂಕೋಚ ಎಂದಷ್ಟೇ ಕಲಿತು, ‘ಇಲ್ಲಿ ಛಾಯಾಚಿತ್ರಕ್ಕೆ ಎನ್‌ರ್ಯೊ’ ಎಂಬ ಫಲಕದ ಮುಂದೆ ನಿಂತು ಮುಜುಗರದಿಂದಲೇ ನಾಲ್ಕು ಫೋಟೋ ತೆಗೆದಿದ್ದ.

ಹಳೇ ನಿಘಂಟು
ಈ ವಿನಂತಿಯ ರೂಪ ಅಂಚೆಯಲ್ಲಿಯೂ ಬರುತ್ತದೆ. ವರ್ಷದಲ್ಲಿ ಮನೆಯವರೊಬ್ಬರು ತೀರಿಕೊಂಡಿದ್ದರೆ, ಸೂತಕವಿರುವುದರಿಂದ ಹೊಸ ವರ್ಷದ ಶುಭಾಶಯ ಕಳುಹಿಸುವುದಿಲ್ಲವೆಂದು ಬಂಧುಮಿತ್ರರಿಗೆ ಮೊದಲೇ ಒಂದು ಕಾರ್ಡು ಬರೆಯುವ ಪದ್ಧತಿ ಅಲ್ಲಿದೆ. ಅದರಲ್ಲಿ ಬರೆಯುವ ಮಾತು ‘ಗೊ-ಎನ್‌ರ್ಯೊ ಮೋಶಿಅಗೆಮಸು’. ಇಲ್ಲಿ ನಾಚಿಕೆಯೂ ಇಲ್ಲ, ನಿಷೇಧವೂ ಇಲ್ಲ. ಸಂಭ್ರಮದಿಂದ ನಾವು ಹಿಂದೆ ಸರಿಯುತ್ತೇವೆ ಎಂಬುದಷ್ಟೇ ಇದೆ.

ಮನೋವೈದ್ಯ ದೊಯಿ ತಕೆಒ 1971ರಷ್ಟು ಹಿಂದೆಯೇ ಎನ್‌ರ್ಯೊವನ್ನು ವಲಯಗಳ ಲೆಕ್ಕದಲ್ಲಿ ವಿವರಿಸಿದ್ದರು. ತೀರ ಒಳಗಿನ ವಲಯದಲ್ಲಿ, ತಾಯಿ ಮಕ್ಕಳ ನಡುವೆ, ಎನ್‌ರ್ಯೊ ಇಲ್ಲ. ಸಹೋದ್ಯೋಗಿಗಳು, ನೆರೆಹೊರೆ, ಪರಿಚಯದವರು ಇರುವ ನಡುವಿನ ವಲಯದಲ್ಲಿ ಅದು ತುಂಬಿಕೊಂಡಿದೆ. ಹೊರಗಿನ ಅಪರಿಚಿತರ ವಲಯದಲ್ಲಿ ಮತ್ತೆ ಇಲ್ಲ.

ತಕರಾರು ತಮ್ಮಯ್ಯ
ಸಿಕ್ಕಿಬಿದ್ದಿರಿ. ರೈಲಿನಲ್ಲಿ ಇರುವವರೆಲ್ಲ ಅಪರಿಚಿತರೇ ಅಲ್ಲವೆ? ಅಲ್ಲಿ ಎನ್‌ರ್ಯೊ ಇಲ್ಲವೆಂದ ಮೇಲೆ ಆ ಘೋಷಣೆ ಏಕೆ?

ಹಳೇ ನಿಘಂಟು
ಇಲ್ಲದಿರುವುದರಿಂದಲೇ ಘೋಷಣೆ, ಮಹಾರಾಯರೇ! ಇದ್ದಿದ್ದರೆ ಧ್ವನಿವರ್ಧಕ ಬೇಕಾಗುತ್ತಿತ್ತೆ?

ಜುಲೈ ಪರೀಕ್ಷಾರ್ಥಿ
ಇಷ್ಟೆಲ್ಲ ತಿಳಿಸಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಇನ್ನೆರಡು ಸಂದೇಹಗಳಿವೆ. ಮೊದಲನೆಯದು, ವ್ಯಕ್ತಿಯ ಹೆಸರಿನ ಮುಂದೆ ‘ಒ’ ಹಾಕಬೇಕೋ, ‘ನಿ’ ಹಾಕಬೇಕೋ? ಎರಡನೆಯದು, ನಮ್ಮ ಪುಸ್ತಕದಲ್ಲಿ ‘ಕೊಂಕಯ್ ವ ಎನ್‌ರ್ಯೊ ಶಿತೆ ಒಕಿಮಸು’ ಎಂಬ ವಾಕ್ಯವಿದೆ. ‘ಈ ಸಲ ಬೇಡ’ ಎಂದು ಅರ್ಥ ಕೊಟ್ಟಿದ್ದಾರೆ. ‘ಒಕು’ ಎಂದರೆ ವಸ್ತುವನ್ನು ಇಡುವುದಲ್ಲವೆ? ಇಲ್ಲಿ ಏನನ್ನು ಎಲ್ಲಿ ಇಡುತ್ತಿದ್ದಾರೆ?

ಬಿಡದಿ ಬಸ್ಸು
ಮೊದಲನೆಯದಕ್ಕೆ ಉತ್ತರ ಚಿಕ್ಕದು. ಯಾರನ್ನು ನೆನೆದು ತಡೆಯುತ್ತೀರೋ ಅವರಿಗೆ ‘ನಿ’, ಯಾವುದನ್ನು ಬಿಡುತ್ತೀರೋ ಅದಕ್ಕೆ ‘ಒ’. ‘ಜೋಶಿ ನಿ ಎನ್‌ರ್ಯೊ ಸುರು’ ಎಂದರೆ ಮೇಲಧಿಕಾರಿಯ ಎದುರು ತಡೆದುಕೊಳ್ಳುವುದು. ‘ತಬಕೊ ಒ ಎನ್‌ರ್ಯೊ ಸುರು’ ಎಂದರೆ ಸಿಗರೇಟು ಸೇದದಿರುವುದು. ‘ತೊಮೊದಚಿ ಒ’ ಎಂದು ನೀವು ಬರೆದದ್ದು, ಸಿಗರೇಟು ಬಿಟ್ಟಂತೆ ಗೆಳತಿಯನ್ನೇ ಬಿಟ್ಟೆ ಎಂಬಂತೆ ಕೇಳಿಸುತ್ತದೆ.

ಎರಡನೆಯದು ಕನ್ನಡಿಗರಿಗೆ ಹಬ್ಬ. ‘ತಬೆತೆ ಮಿರು’ ಎಂದರೆ ‘ತಿಂದು ನೋಡು’. ‘ಮಿರು’ ಎಂದರೆ ನೋಡುವುದು. ‘ತಬೆತೆ ಶಿಮಉ’ ಎಂದರೆ ‘ತಿಂದುಬಿಡು’. ಹಾಗೆಯೇ ‘ಶಿತೆ ಒಕು’ ಎಂದರೆ ‘ಮಾಡಿಡು’. ಅತಿಥಿಗಳು ಬರುವ ಮುನ್ನ ಅಡುಗೆ ಮಾಡಿಟ್ಟೆ ಎನ್ನುವಾಗ ನಾವು ಬಳಸುವ ‘ಇಡು’ ಅದೇ. ‘ಎನ್‌ರ್ಯೊ ಶಿತೆ ಒಕಿಮಸು’ ಎನ್ನುವವರು ‘ಸದ್ಯಕ್ಕೆ ಬೇಡವೆಂದು ಇಟ್ಟುಕೊಳ್ಳೋಣ’ ಎನ್ನುತ್ತಿದ್ದಾರೆ. ಬರಿದೇ ‘ಎನ್‌ರ್ಯೊ ಶಿಮಸು’ ಎಂದರೆ ಬಾಗಿಲು ಹಾಕಿದಂತಾಗುತ್ತದೆ, ‘ಒಕು’ ಸೇರಿಸಿದರೆ ಬಾಗಿಲನ್ನು ಓರೆ ಮಾಡಿದಂತಾಗುತ್ತದೆ. ಕಚೇರಿಯ ಮಟ್ಟಕ್ಕೆ ‘ಎನ್‌ರ್ಯೊ ಸಸೆತೆ ಇತದಕಿಮಸು’ ಎಂದು ಹೇಳಬೇಕು. ಇದನ್ನು ಕೇಳಿಸಿಕೊಂಡ ನಮ್ಮ ವ್ಯವಸ್ಥಾಪಕರೊಬ್ಬರು, ಜಪಾನಿನವರು ಯೋಚಿಸಿ ಹೇಳುತ್ತೇವೆ ಎಂದಿದ್ದಾರೆಂದು ಭಾವಿಸಿ, ಮೂರು ವಾರ ಉತ್ತರಕ್ಕಾಗಿ ಕಾದಿದ್ದರು. ಅದೇ ಉತ್ತರವಾಗಿತ್ತು.

ಪೇಢಾ ಪ್ರಿಯ, ಧಾರವಾಡ
‘ತಿಂದು ನೋಡು’ ಅವರಲ್ಲಿಯೂ ಇದೆಯೆಂದ ಮೇಲೆ ಜಪಾನಿಯೂ ನಮ್ಮ ದ್ರಾವಿಡ ಕುಲದ್ದೇ ಎಂದು ಒಬ್ಬ ಜಪಾನಿ ಪಂಡಿತರೇ ಹೇಳಿದ್ದಾರೆಂದು ಕೇಳಿದ್ದೆ.

ಹಳೇ ನಿಘಂಟು
ಅವರು ಓನೊ ಸುಸುಮು. ಜಪಾನಿಗೂ ತಮಿಳಿಗೂ ಸಂಬಂಧವಿದೆ ಎಂದು ವಾದಿಸಿದರು. ಬಹುಪಾಲು ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಿಲ್ಲ. ಕ್ರಿಯಾಪದ ಕೊನೆಗೆ ಬರುವ ಭಾಷೆಗಳು ಹೋಲುವುದಕ್ಕೆ ರಕ್ತಸಂಬಂಧವೇ ಇರಬೇಕೆಂದಿಲ್ಲ. ಆದರೆ ಹೋಲಿಕೆಯಿಂದ ಆಗುವ ಲಾಭವನ್ನು ಪಡೆಯಲು ಯಾವ ಸಿದ್ಧಾಂತವೂ ಬೇಡ.

ಇನ್ನೊಂದು ಲಾಭವೂ ಇದೆ. ಕನ್ನಡದಲ್ಲಿ ಎ ಏ, ಒ ಓ ಬೇರೆಬೇರೆ ಇರುವುದರಿಂದ ‘ಎನ್‌ರ್ಯೊ’ದ ಕೊನೆಯ ಸ್ವರ ಹ್ರಸ್ವವೆಂದು ನಮಗೆ ಬರೆದುಕೊಳ್ಳಲು ಬರುತ್ತದೆ, ಅದನ್ನು ‘ರ್ಯೋ’ ಎಂದು ಎಳೆಯಬಾರದು. ಎ, ನ್, ರ್ಯೊ, ಹೀಗೆ ಮೂರು ತಾಳ. ‘ಒಬಸನ್’ ಎಂದರೆ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ಇದನ್ನು ತಪ್ಪಿಸುವ ಹಿಂದಿ ಮಿತ್ರರನ್ನು ನೋಡಿ ಬೀಗಬೇಡಿ, ‘ಅ’ ‘ಆ’ ಅವರಿಗೂ ಇದೆ. ಬೀಗುವುದಾದರೆ ‘ಒ’ ‘ಓ’ ವಿಷಯದಲ್ಲಿ ಮಾತ್ರ ಬೀಗಿ.

ಕಾರ್ಡುಗಳ ರಾಶಿ
ಪರೀಕ್ಷೆಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಜೆಎಲ್‌ಪಿಟಿಯಲ್ಲಿ ಬರೆಯುವುದೂ ಇಲ್ಲ, ಮಾತನಾಡುವುದೂ ಇಲ್ಲ, ಎಲ್ಲವೂ ಆಯ್ಕೆಯ ಪ್ರಶ್ನೆಗಳೇ. ಹೀಗಿದ್ದರೂ ಎನ್‌3ರಲ್ಲಿ ಒಂದು ಪದ ಕೊಟ್ಟು, ನಾಲ್ಕು ವಾಕ್ಯಗಳಲ್ಲಿ ಅದನ್ನು ಸರಿಯಾಗಿ ಬಳಸಿರುವುದು ಯಾವುದೆಂದು ಕೇಳುವ ಭಾಗವಿದೆ. ಉಳಿದ ಮೂರು ವಾಕ್ಯಗಳು ನೀವು ಬರೆದ ಮೊದಲೆರಡು ವಾಕ್ಯಗಳಂತೆಯೇ ಇರುತ್ತವೆ. ಅರ್ಥದ ಹತ್ತಿರ ಹತ್ತಿರ ಬಂದು ಎಡವಿರುತ್ತವೆ. 2010ರಲ್ಲಿ ಪರೀಕ್ಷೆ ಐದು ಹಂತಗಳಾದ ಮೇಲೆ ಅಧಿಕೃತ ಪದಪಟ್ಟಿಯನ್ನೂ ಪ್ರಕಟಿಸುತ್ತಿಲ್ಲ. ಆದ್ದರಿಂದ ಸೆನ್ಸೇ ವಾಕ್ಯ ಬರೆಸುವುದನ್ನು ಹೊರೆಯೆಂದು ತಿಳಿಯಬೇಡಿ.

ಜುಲೈ ಪರೀಕ್ಷಾರ್ಥಿ
ನಾಲ್ಕು ದಿನಗಳ ಮೇಲೆ ಮತ್ತೆ ಬಂದಿದ್ದೇನೆ. ಹೊಸದಾಗಿ ಮೂರು ವಾಕ್ಯ ಬರೆದು ನಿನ್ನೆ ಒಪ್ಪಿಸಿದೆ.

‘ಸೆನ್ಸೇ ನಿ ಎನ್‌ರ್ಯೊ ಶಿತೆ, ಶಿತ್ಸುಮೊನ್ ದೆಕಿಮಸೆನ್ ದೆಶಿತ.’ ಗುರುಗಳ ಎದುರು ತಡೆದುಕೊಂಡು ಪ್ರಶ್ನೆ ಕೇಳಲಾಗಲಿಲ್ಲ.

‘ತೊಮೊದಚಿ ನಿ ಎನ್‌ರ್ಯೊ ಶಿತೆ, ಒಕನೆ ಒ ಕಎಶಿತೆ ತೊ ಇಎಮಸೆನ್.’ ಹಣ ವಾಪಸು ಕೊಡು ಎಂದು ಗೆಳತಿಗೆ ಹೇಳಲಾಗುತ್ತಿಲ್ಲ. (ಇದು ಬಿಡದಿಯವರ ಕೃಪೆ.)

‘ಸಯ್‌ಗೊ ನೊ ಹಿತೊತ್ಸು ಒ ಎನ್‌ರ್ಯೊ ನಕು ಇತದಕಿಮಶಿತ.’ ಕೊನೆಯದೊಂದನ್ನು ಸಂಕೋಚವಿಲ್ಲದೆ ತಿಂದೆ.

ಮೂರಕ್ಕೂ ಸೊನ್ನೆ ಬಿದ್ದಿದೆ! ಮೂರನೆಯದರ ಸೊನ್ನೆಯ ಸುತ್ತ ಹೂವಿನ ಎಸಳುಗಳನ್ನೂ ಬಿಡಿಸಿದ್ದಾರೆ. ಇದಕ್ಕೂ ಏನಾದರೂ ತದ್ವಿರುದ್ಧ ಅರ್ಥವಿದೆಯೆ ಎಂದು ಮೊದಲೇ ಕೇಳಿಕೊಂಡುಬಿಡುತ್ತೇನೆ.

ಹಮಮತ್ಸು ಕನ್ನಡಿಗ
ಅದು ‘ಹನಮರು’, ಹೂವಿನ ಸೊನ್ನೆ. ನನ್ನ ಮಗಳು ಒಂದನೆಯ ತರಗತಿಯಲ್ಲಿ ಅದಕ್ಕಾಗಿ ಪ್ರಾಣ ಬಿಡುತ್ತಿದ್ದಳು. ಈ ಸಲ ನಿಸ್ಸಂಕೋಚವಾಗಿ ಸಂತೋಷಪಡಿ.

ತಕರಾರು ತಮ್ಮಯ್ಯ
ಎರಡನೆಯ ವಾಕ್ಯವನ್ನು ಗೆಳತಿಗೇ ಕಳುಹಿಸಿ. ಆಕೆಗೆ ಜಪಾನಿ ಬರುತ್ತದೆಯೆ?

ಜುಲೈ ಪರೀಕ್ಷಾರ್ಥಿ
ತರಗತಿಯಲ್ಲಿ ನನ್ನ ಪಕ್ಕದಲ್ಲಿಯೇ ಕೂರುತ್ತಾಳೆ. ವಾಕ್ಯವನ್ನು ಗಟ್ಟಿಯಾಗಿ ಓದಿಸಿದರು. ಈವರೆಗೆ ಹಣ ಬಂದಿಲ್ಲ.